ಸಾಕಿ ಕೊಡುವವರ ಹೊಣೆ

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಅನ್ನವಿಟ್ಟು ಬೆಳೆಸು ಎಂಬುದೊಂದು. ಇಷ್ಟಕ್ಕೆ ನಿಲ್ಲಿಸು ಎಂಬುದು ಇನ್ನೊಂದು. ಈ ಎರಡೂ ಅರ್ಥಗಳು ಒಂದೇ ಮನೆಯಲ್ಲಿ ಕೂಡಿ ಬಾಳುವುದನ್ನು ಕಾಣಬೇಕಾದರೆ, ಬೀದಿಯಿಂದ ರಕ್ಷಿಸಿ ತಂದ ನಾಯಿಯನ್ನು ದತ್ತು ಹೋಗುವವರೆಗೆ ಮಾತ್ರ ಮನೆಯಲ್ಲಿಟ್ಟುಕೊಳ್ಳುವವರನ್ನು ನೋಡಬೇಕು. ‘ಫಾಸ್ಟರಿಂಗ್’ ಎಂದು ಅದಕ್ಕೆ ಹೆಸರು. ಡೊಂಬಿವಲಿಯ ನಮ್ಮ ಕಟ್ಟಡದಲ್ಲೇ ಧಾರವಾಡದ ಕಡೆಯ ದಂಪತಿಗಳು ಹೀಗೆ ನಾಲ್ಕಾರು ಮರಿಗಳನ್ನು ಸಾಕಿ ಕಳಿಸಿದ್ದಾರೆ. ಕಂಡವರೆಲ್ಲ ಅವರನ್ನು ಕೇಳುವ ಪ್ರಶ್ನೆ ಒಂದೇ: ಇಷ್ಟು ಹಚ್ಚಿಕೊಂಡ ಮೇಲೆ ಕೊಡಲು ಮನಸ್ಸಾದರೂ ಹೇಗೆ ಬರುತ್ತದೆ?

ಬೀದಿಯ ನಾಯಿಗಳಿಗೆಲ್ಲ ಮನೆ ಬೇಕೆಂದು ಇದರ ಅರ್ಥವಲ್ಲ. ಮುಂಬಯಿಯಲ್ಲಿ 1832ರಷ್ಟು ಹಿಂದೆಯೇ, ಬೀದಿನಾಯಿಗಳನ್ನು ಕೊಲ್ಲುವ ಸರಕಾರಿ ಕ್ರಮದ ವಿರುದ್ಧ ಪಾರಸಿಗಳು ದಂಗೆಯೆದ್ದಿದ್ದರು. 2001ರ ನಿಯಮಗಳು ಕೊಲ್ಲುವುದರ ಬದಲು ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡುವ ದಾರಿಯನ್ನು ಹಾಕಿಕೊಟ್ಟವು. ಹಾಗೆ ಬಿಡಲಾಗದವು ಕೆಲವು ಇರುತ್ತವೆ: ಗಾಡಿಗೆ ಸಿಕ್ಕು ಕಾಲು ಮುರಿದವು, ತಾಯಿ ಸತ್ತ ಎಳೆಯ ಮರಿಗಳು, ಸಾಕಿದವರೇ ರಸ್ತೆಗೆ ತಳ್ಳಿದವು. ನೂರಾರು ನಾಯಿಗಳಿರುವ ಆಶ್ರಯಗಳಲ್ಲಿ ಮರಿಗಳಿಗೆ ಪಾರ್ವೊ ರೋಗ ಬೇಗ ಅಂಟುತ್ತದೆ. ಇದಲ್ಲದೆ, ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಕಂಡುಂಡದ್ದೇ ಮರಿಯ ಸ್ವಭಾವಕ್ಕೆ ತಳಹದಿ. ಕುಕ್ಕರಿನ ಸೀಟಿ, ಲಿಫ್ಟಿನ ಬಾಗಿಲು, ಮಕ್ಕಳ ಗಲಾಟೆ, ಇವೆಲ್ಲ ಹೆದರುವ ಸಂಗತಿಗಳಲ್ಲವೆಂದು ಮರಿ ಆಗ ಕಲಿಯಬೇಕು. ಪಂಜರದಲ್ಲಿ ಆ ಪಾಠ ಆಗುವುದಿಲ್ಲ.

ಕೊಡುವುದು ಹೇಗೆಂಬ ಪ್ರಶ್ನೆಗೆ ಆ ತಾಯಿ ಕೊಡುವ ಉತ್ತರ ಸರಳ: “ಇದನ್ನ ನಾವ ಇಟ್ಕೊಂಡ್ರ ಮುಂದ ಬರೂ ಮರಿಗೆ ಜಾಗಾ ಎಲ್ಲೈತ್ರಿ?” ಒಪ್ಪತಕ್ಕ ಮಾತು. ಮಮತೆಯಿಂದ ಒಂದನ್ನು ಉಳಿಸಿಕೊಂಡರೆ ಇನ್ನೊಂದಕ್ಕೆ ಬಾಗಿಲು ಮುಚ್ಚಿದಂತೆಯೇ. ಆದರೆ ಈ ಉತ್ತರ ನಮ್ಮ ಕಡೆಯ ಲೆಕ್ಕವಾಯಿತು. ನಾಯಿಯ ಲೆಕ್ಕವೇನು?

ಹೊರನಾಡ ಕನ್ನಡಿಗರಾದ ನಮಗೆ ಈ ಅನುಭವ ತೀರ ಹೊಸದಲ್ಲ. ಊರಿನಿಂದ ಬಂದ ಹುಡುಗನಿಗೆ ಕೆಲಸ, ಬಿಡಾರ ಸಿಗುವವರೆಗೆ ಒಂದೇ ಖೋಲಿಯಲ್ಲಿ ಚಾಪೆ ಹಾಸಿಕೊಟ್ಟವರು ನಮ್ಮ ಹಿರಿಯರು. ಹೋಗುವವನೆಂದು ಗೊತ್ತಿದ್ದೇ ಉಣಬಡಿಸಿದರು. ಆದರೆ ಅದು ಆ ಹುಡುಗನಿಗೂ ಗೊತ್ತಿತ್ತು. ನಾಯಿಗೆ ಗೊತ್ತಿಲ್ಲ. ‘ತಾತ್ಕಾಲಿಕ’ವೆಂಬುದು ಅದರ ಲೋಕದಲ್ಲಿಲ್ಲ, ಅನ್ನವಿಟ್ಟ ಮನೆಯೇ ಅದರ ಮನೆ. ಹೊಸ ಮನೆಗೆ ಹೋದ ನಾಯಿ ಎಷ್ಟೋ ಸಲ ಒಂದೆರಡು ದಿನ ಊಟ ಬಿಟ್ಟು ಬಾಗಿಲ ಕಡೆಗೇ ನೋಡುತ್ತ ಕೂರುವುದುಂಟು. ಆಮೇಲೆ ಹೊಂದಿಕೊಳ್ಳುತ್ತದೆ, ನಿಜ. ಹಾಗೆಂದು ಆ ಎರಡು ದಿನದ ಸಂಕಟ ಸುಳ್ಳಾಗುವುದಿಲ್ಲ. ನಿಷ್ಕಾಮಕರ್ಮದ ಮಾತನ್ನು ಇಲ್ಲಿಗೆ ತರುವವರನ್ನು ಕಂಡರೆ ನನಗೆ ಕೊಂಚ ಅನುಮಾನ. ಕರ್ಮ ನಮ್ಮದು, ನೋವು ಅದರದು!

ಆದ್ದರಿಂದ, ಕೊಡುವ ಹಕ್ಕನ್ನು ಸಾಕಿದವರು ಸಂಪಾದಿಸಿಕೊಳ್ಳಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡೆಂದು ಗಾದೆಯುಂಟು. ಇಲ್ಲಿ ಅದು ನಡೆಯಬಾರದು. ಚಪ್ಪಲಿ ಹರಿಯುತ್ತದೆ, ಒಬ್ಬಂಟಿ ಬಿಟ್ಟರೆ ಊಳಿಡುತ್ತದೆ, ಕೊಡೆ ಹಿಡಿದವರನ್ನು ಕಂಡರೆ ಗುರ್ರೆನ್ನುತ್ತದೆ ಎಂಬುದು ಗೊತ್ತಿರುವುದು ಸಾಕಿದವರಿಗೆ ಮಾತ್ರ. ಅದನ್ನು ಮುಚ್ಚಿಟ್ಟು ಕೊಟ್ಟರೆ ನಾಯಿ ಹೊಸ ಮನೆಯಲ್ಲಿ ತನ್ನದಲ್ಲದ ತಪ್ಪಿಗೆ ಬೈಸಿಕೊಳ್ಳುತ್ತದೆ. ನಿಜ ಹೇಳಿದರೆ ಬಂದವರು ಹಿಂದಿರುಗಬಹುದು. ಮರಿ ಇನ್ನೊಂದು ತಿಂಗಳು ನಮ್ಮಲ್ಲೇ ಉಳಿಯಬಹುದು. ಉಳಿಯಲಿ.

ಇನ್ನೊಂದು ಮಾತು. ಹೋಲಿಕೆ ಒರಟೆನಿಸಿದರೆ ಓದುಗರು ಮನ್ನಿಸಬೇಕು. ಕಾಳಿದಾಸನ ಕಣ್ವರು ಸಾಕುತಂದೆಗಳಲ್ಲಿ ಅಗ್ರಗಣ್ಯರು. ಅವರು ಮಗಳನ್ನು ಬೀಳ್ಕೊಡುವ ನಾಲ್ಕನೆಯ ಅಂಕವನ್ನು ನೆನೆದು ನಾವೂ ಕಣ್ಣೊರೆಸಿಕೊಳ್ಳುತ್ತೇವೆ. ಐದನೆಯ ಅಂಕ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ದುಷ್ಯಂತ ಗುರುತಿಲ್ಲವೆಂದಾಗ, ಕರೆತಂದ ಆಶ್ರಮದವರು ಶಕುಂತಲೆಯನ್ನು ಅಲ್ಲಿಯೇ ಬಿಟ್ಟು ಹೊರಟುಬಿಟ್ಟರು. ಸಾಕಿದವರ ಬಾಗಿಲು ಮುಚ್ಚಿಕೊಂಡದ್ದು ಅಲ್ಲಿ. ದತ್ತು ಕೊಟ್ಟ ನಾಯಿ ಯಾವ ಕಾರಣಕ್ಕೆ ಹಿಂದಿರುಗಿದರೂ ಒಳಗೆ ಕರೆದುಕೊಳ್ಳುವೆನೆಂಬ ಧೈರ್ಯವಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿತು. ಅದು ಪಡೆದವರಿಗೆ ಹೇಳಿದ್ದು. ಕೊಟ್ಟವರ ಪಾಲಿನದನ್ನು ಅವರೇ ತಿಳಿದುಕೊಳ್ಳಬೇಕು.

ನಮ್ಮ ಕಟ್ಟಡದ ಆ ತಾಯಿ ಮರಿ ಕೇಳಲು ಬಂದವರ ಸಂಬಳ ಕೇಳುವುದಿಲ್ಲ, ಮನೆ ಎಷ್ಟು ದೊಡ್ಡದೆಂದೂ ಕೇಳುವುದಿಲ್ಲ. ನಮ್ಮಂಥವರಿಗೆ ತಕ್ಕ ಪ್ರಶ್ನೆಯೊಂದನ್ನು ಇಟ್ಟುಕೊಂಡಿದ್ದಾರೆ: ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಾಗ ಇದು ಎಲ್ಲಿರುತ್ತದೆ? ಉತ್ತರ ತಡವಾದರೆ ಇನ್ನೊಂದು ಕಪ್ಪು ಚಹಾ ಸಿಗುತ್ತದೆ, ಮರಿ ಸಿಗುವುದಿಲ್ಲ.