ಉಡುಪಿಯ ರಾಜನ ಅಕ್ಕಿ ಲೆಕ್ಕ

ಉಡುಪಿ ಸೀಮೆಯಲ್ಲಿ ಹುಟ್ಟಿದವರಿಗೆ ಈ ಕಥೆ ಹೊಸದಲ್ಲ. ಕುರುಕ್ಷೇತ್ರಕ್ಕೆ ಹೋದ ಉಡುಪಿಯ ರಾಜ ಯಾರ ಪಕ್ಷವನ್ನೂ ಸೇರಲೊಲ್ಲದೆ ಎರಡೂ ಸೈನ್ಯಗಳ ಊಟದ ಹೊಣೆ ಹೊತ್ತನಂತೆ. ಹದಿನೆಂಟು ದಿನವೂ ಯಾರಿಗೂ ಕಡಿಮೆ ಬೀಳಲಿಲ್ಲ, ಒಂದಗುಳು ಮಿಗಲೂ ಇಲ್ಲ. ಗುಟ್ಟು ಇಷ್ಟೇ: ರಾತ್ರಿ ಎಣಿಸಿಕೊಟ್ಟ ಬೇಯಿಸಿದ ನೆಲಗಡಲೆಯಲ್ಲಿ ಕೃಷ್ಣ ಎಷ್ಟು ತಿಂದನೋ ಅದರ ಸಾವಿರ ಪಟ್ಟು ಜನ ಮರುದಿನ ಸಾಯುತ್ತಿದ್ದರು, ರಾಜ ಅಷ್ಟು ಜನರ ಅಕ್ಕಿ ಕಡಿಮೆ ಹಾಕುತ್ತಿದ್ದ. ವ್ಯಾಸರ ಭಾರತದಲ್ಲಿ ಈ ಕಥೆಯಿಲ್ಲ. ನೆಲಗಡಲೆಯೂ ದಕ್ಷಿಣ ಅಮೆರಿಕದ ಬೆಳೆ, ಕೃಷ್ಣನಿಗೆ ಸಿಕ್ಕಿದ್ದೆಲ್ಲಿ ಎಂದು ಕೇಳಿದರೆ ನಮ್ಮೂರಿನವರಿಗೆ ಸಿಟ್ಟು ಬರುತ್ತದೆ. ಇರಲಿ, ನನ್ನ ತಕರಾರು ಕಡಲೆಯದ್ದಲ್ಲ, ಅಕ್ಕಿಯದ್ದು.

1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ನಾನು ದ್ರಾಸ್ ಹತ್ತಿರ ಒಂದು ಪಲ್ಟನ್ನಿನ ಲಂಗರಿನಲ್ಲಿ ಕುಕ್ ಆಗಿದ್ದೆ. 10,000 ಅಡಿ ದಾಟಿದ ಜಾಗ. ಅಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಕುಕ್ಕರ್ ಇಲ್ಲದಿದ್ದರೆ ಕಥೆ ಮುಗಿಯಿತು. ಹಗಲು ಹೊಗೆ ಎದ್ದರೆ ಶಿಖರದಲ್ಲಿ ಕೂತವರಿಗೆ ಗುರಿ ಸಿಕ್ಕಂತೆ. ಹಾಗಾಗಿ ಕತ್ತಲಾದ ಮೇಲೆ ಟಾರ್ಪಾಲು ಕಟ್ಟಿ, ಸೀಮೆಎಣ್ಣೆ ಸ್ಟವ್‌ಗೆ ಪಂಪ್ ಹೊಡೆದು ಪೂರಿ ಕರಿಯುತ್ತಿದ್ದೆವು. ಹಿಟ್ಟಿಗೆ ಎಣ್ಣೆ ಸ್ವಲ್ಪ ಹೆಚ್ಚು ಬಿಟ್ಟು ಗಟ್ಟಿಯಾಗಿ ಕಲಸಬೇಕು. ಮೆತ್ತಗಾದರೆ ಚೀಲದೊಳಗೆ ಅಪ್ಪಚ್ಚಿ. ಜೊತೆಗೆ ಶಕ್ಕರ್‌ಪಾರೆ. ಅವನ್ನು ಹೊತ್ತು ಹತ್ತುವವರ ಬೆನ್ನ ಮೇಲೆ ಮದ್ದುಗುಂಡೂ ಇರುತ್ತಿತ್ತು.

ದಾಳಿಗೆ ಹೋದ ಕಂಪನಿಯಲ್ಲಿ ಎಲ್ಲರೂ ಇಳಿದು ಬರುವುದಿಲ್ಲವೆಂದು ಸಾಹೇಬರಿಂದ ಹಿಡಿದು ಪಾತ್ರೆ ತಿಕ್ಕುವ ಮಸಾಲ್ಚಿಯವರೆಗೆ ಗೊತ್ತಿತ್ತು. ಆದರೂ ಬೆಳಗಿನ ಚಹಾಕ್ಕೆ ನೀರಿಟ್ಟದ್ದು ಪೂರ್ತಿ ಕಂಪನಿಗೆ. ಹೊಸ ಹುಡುಗನೊಬ್ಬ, "ಇಷ್ಟು ಬೇಕಾ ಉಸ್ತಾದ್?" ಅಂದದ್ದಕ್ಕೆ ನಮ್ಮ ಉಸ್ತಾದ್ ಸೌಟೆತ್ತಿದ್ದರು. "ತಲೆ ಎಣಿಸೋದು ಕರ್ನಲ್ ಸಾಹೇಬರ ಕೆಲಸ. ನೀನು ಪುಡಿ ಹಾಕು." ಮಿಕ್ಕ ಚಹಾವನ್ನು ಚೆಲ್ಲಿದ್ದೇವೆ. ಮಿಕ್ಕ ಪೂರಿಯನ್ನು ಹೇಸರಗತ್ತೆಗಳು ತಿಂದಿವೆ.

ಅದಕ್ಕೇ ಒಂದಗುಳೂ ಮಿಗದ ಆ ಅಡುಗೆಯನ್ನು ನಾನು ಮೆಚ್ಚಲಾರೆ. ಮದುವೆ ಮನೆಯಲ್ಲಾದರೆ ಅದು ಜಾಣತನ. ಯುದ್ಧದಲ್ಲಿ, ಇನ್ನೂ ಉಸಿರಾಡುತ್ತಿರುವವನ ಪಾಲಿನ ಅಕ್ಕಿಯನ್ನು ಹಿಂದಿನ ರಾತ್ರಿಯೇ ಕಣಜಕ್ಕೆ ಮರಳಿಸಿದರೆ, ಬಾಣಕ್ಕಿಂತ ಮೊದಲು ಅಡುಗೆಮನೆಯೇ ಅವನನ್ನು ಕೊಂದಂತೆ. ಕೃಷ್ಣನಿಗೆ ಎಲ್ಲ ತಿಳಿದಿತ್ತು, ಸರಿ; ಅವನು ದೇವರು. ಆದರೆ ನಾಳೆಯ ಸಾವು ಮನುಷ್ಯನೊಬ್ಬನಿಗೆ ಮೊದಲೇ ತಿಳಿದುಬಿಟ್ಟರೆ ಅವನು ಮಾಡಬೇಕಾದ್ದೇನು? ರಾಜ ಅಕ್ಕಿ ಉಳಿಸಿದ. ವಿಧಿ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಎಲೆ ಹಾಕುವುದೇ ಅಡುಗೆಯವನ ಧರ್ಮ ಅಂತ ನಾನು ತಿಳಿದಿದ್ದೇನೆ.

ಇಬ್ಬರಿಗೂ ಉಣಿಸಿದ್ದರಿಂದ ಅವನು ತಟಸ್ಥ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಉದ್ಯೋಗಪರ್ವದ ಶಲ್ಯನನ್ನು ನೋಡಿ. ನಕುಲ ಸಹದೇವರ ಸೋದರಮಾವ, ಪಾಂಡವರ ಕಡೆಗೆಂದೇ ಹೊರಟವನು. ದುರ್ಯೋಧನ ದಾರಿಯುದ್ದಕ್ಕೂ ಬಿಡಾರ ಕಟ್ಟಿಸಿ ಊಟೋಪಚಾರ ಮಾಡಿಸಿದ. ಇದೆಲ್ಲ ಧರ್ಮರಾಯನದೆಂದು ತಿಳಿದ ಶಲ್ಯ, ಉಣಿಸಿದವನಿಗೆ ವರ ಕೊಡಲು ಹೋಗಿ ಕೌರವರ ಪಾಲಾದ. ಯುದ್ಧದ ಅನ್ನಕ್ಕೆ ಪಕ್ಷ ಇದ್ದೇ ಇರುತ್ತದೆ.

ನಮ್ಮ ಸಿಖ್ ಜೊತೆಗಾರರು ಭಾಯಿ ಕನ್ಹಯ್ಯಾ ಅವರ ಕಥೆ ಹೇಳುತ್ತಿದ್ದರು. ಆನಂದಪುರದ ಯುದ್ಧದಲ್ಲಿ ಅವರು ಗಾಯಗೊಂಡ ಶತ್ರುಗಳಿಗೂ ನೀರು ಕುಡಿಸಿದರಂತೆ. ದೂರು ಹೋದಾಗ ಗುರು ಗೋವಿಂದ ಸಿಂಗರು ಬೈಯಲಿಲ್ಲ; ಹಚ್ಚಲು ಮುಲಾಮನ್ನೂ ಕೊಟ್ಟರು. ಆ ನೀರನ್ನು ತಟಸ್ಥವೆಂದು ನಾನೂ ಒಪ್ಪುತ್ತೇನೆ. ಅದನ್ನು ಕುಡಿದವನು ನೆಲಕ್ಕೆ ಬಿದ್ದಿದ್ದ. ರಾಜನ ಅನ್ನ ಉಂಡವನು ಬೆಳಿಗ್ಗೆ ಎದ್ದು ಬಿಲ್ಲು ಹಿಡಿದ.

ನಾನಂತೂ ತಟಸ್ಥನಾಗಿರಲಿಲ್ಲ. ನನ್ನ ಪೂರಿ ಗುಂಡಿನ ಜೊತೆಗೇ ಬೆಟ್ಟ ಹತ್ತಿತು. ಅದರ ಪಾಪಪುಣ್ಯದಲ್ಲಿ ನನಗೂ ಪಾಲುಂಟು, ತಿಂಗಳು ತಿಂಗಳು ಪಿಂಚಣಿಯೂ ಬರುತ್ತದೆ. ಎರಡೂ ಕಡೆ ಬಡಿಸಿದ ರಾಜನಿಗೆ ಎರಡೂ ಕಡೆಯ ಪಾಲು ಸೇರಬೇಕಲ್ಲ? ಅಷ್ಟು ಕರಾರುವಾಕ್ಕಾಗಿ ಅಕ್ಕಿ ಅಳೆದ ಕಥೆ ಈ ಲೆಕ್ಕವನ್ನು ಮಾತ್ರ ಎತ್ತುವುದೇ ಇಲ್ಲ.