ಟಾರ್ಸೊ ಮತ್ತು ಇಲ್ಲದ ತಲೆ

ತಲೆ, ಕೈ, ಕಾಲು ಬಿಟ್ಟು ಉಳಿಯುವ ಮೈಗೆ ಶಿಲ್ಪಿಗಳ ಮಾತಿನಲ್ಲಿ 'ಟಾರ್ಸೊ' ಎನ್ನುತ್ತಾರೆ. ನಮ್ಮ ರುಂಡ-ಮುಂಡಗಳ ಜೋಡಿಯಲ್ಲಿನ ಮುಂಡ. ಇಟಾಲಿಯನ್ನಿನಲ್ಲಿ ಅದು ಎಲೆ ಕಿತ್ತ ಕೋಸಿನ ದಂಟು. ಅದರ ಹಿಂದಿರುವುದು ಲ್ಯಾಟಿನ್ನಿನ 'ಥಿರ್ಸಸ್'. ಮದ್ಯದೇವತೆ ಡಯೊನೈಸಸ್‌ನ ಕೈಕೋಲಿಗೂ ಅದೇ ಹೆಸರು. ಅಂಗರಚನಾಶಾಸ್ತ್ರದ 'ಟ್ರಂಕಸ್' ಕೂಡ ಮರದ ಕಾಂಡವೇ. ಅದೇ ಪದ ವಿಶೇಷಣವಾದರೆ 'ಕಡಿದುಹಾಕಿದ', 'ಅಂಗಹೀನ' ಎಂದರ್ಥ. ಉಳಿದದ್ದನ್ನು ಹೆಸರಿಸಹೊರಟರೆ ಹೋದದ್ದೂ ಬೆನ್ನಿಗೇ ಬರುತ್ತದೆ.

ಹೋದದ್ದು, ಇಲ್ಲದ್ದು ಕೂಡ ಒಂದು ವಸ್ತುವೇ? ಹೌದೆಂದವರು ನಮ್ಮ ನ್ಯಾಯ-ವೈಶೇಷಿಕರು. 'ಅಭಾವ'ವನ್ನು ಅವರು ಪದಾರ್ಥಗಳ ಸಾಲಿಗೇ ಸೇರಿಸಿದರು. ಆದರೆ ಬರೀ ಅಭಾವ ಎಂಬುದಿಲ್ಲ. ಯಾವುದರ ಅಭಾವ ಎಂದು ಹೇಳಲೇಬೇಕು. ಆ 'ಯಾವುದು' ಎಂಬುದೇ ಪ್ರತಿಯೋಗಿ. ಮಡಕೆ ಒಡೆದ ಮೇಲಿನದು ಪ್ರಧ್ವಂಸಾಭಾವ. ಗಾಳಿಗೆ ಎಂದೂ ಬಣ್ಣವಿಲ್ಲ, ಅದು ಅತ್ಯಂತಾಭಾವ.

ವ್ಯಾಟಿಕನ್ನಿನಲ್ಲಿರುವ 'ಬೆಲ್ವೆಡೆರೆ ಟಾರ್ಸೊ' ಮೊದಲನೆಯ ಬಗೆಯದು. ಕುಳಿತ ಭಂಗಿಯ ಅಮೃತಶಿಲೆಯ ಗಂಡಸು. ತಲೆಯಿಲ್ಲ, ತೋಳಿಲ್ಲ, ಮೊಣಕಾಲಿನಿಂದ ಕೆಳಗೂ ಇಲ್ಲ. ಅಥೆನ್ಸಿನ ಅಪೊಲೊನಿಯಸ್ ಮಾಡಿದನೆಂಬ ಬರಹವೊಂದು ಮಾತ್ರ ಗಟ್ಟಿಯಾಗಿ ಉಳಿದಿದೆ. ಮೈಕೆಲ್ಯಾಂಜೆಲೊ ಇದಕ್ಕೆ ಮಾರುಹೋಗಿದ್ದ. 1759ರಲ್ಲಿ ಜರ್ಮನಿಯ ಕಲಾ ಇತಿಹಾಸಕಾರ ವಿಂಕೆಲ್‌ಮನ್ ಇದರ ಬಗ್ಗೆ ಬರೆದಾಗ, ಸಾಹಸಗಳೆಲ್ಲ ಮುಗಿದು ವಿಶ್ರಮಿಸುತ್ತಿರುವ ಹರ್ಕ್ಯುಲಿಸ್ ಅವನಿಗೆ ಕಂಡಿದ್ದ. ಈಗ ಹಲವು ವಿದ್ವಾಂಸರು, ಆತ್ಮಹತ್ಯೆಯ ಯೋಚನೆಯಲ್ಲಿ ಕುಳಿತ ಗ್ರೀಕ್ ವೀರ ಏಜಾಕ್ಸ್ ಎನ್ನುತ್ತಾರೆ. ಒಂದೇ ಬೆನ್ನು, ಒಂದೇ ಹೊಟ್ಟೆಯ ಮಡಿಕೆ. ಒಬ್ಬನಿಗೆ ನೆಮ್ಮದಿ, ಇನ್ನೊಬ್ಬನಿಗೆ ಸಾವು! ಪ್ರತಿಯೋಗಿ ಬದಲಾದರೆ ಕಲ್ಲಿನ ಭಾವವೂ ಬದಲಾಗುತ್ತದೆ.

ಈ ಅಭಾವವನ್ನು ತುಂಬಿಬಿಡುವ ಆಸೆ ಯುರೋಪಿಗೆ ಬಹಳ ಕಾಲ ಇತ್ತು. ಗ್ರೀಸಿನ ಈಜೈನಾ ದೇಗುಲದ ಶಿಲ್ಪಗಳಿಗೆ ಡೆನ್ಮಾರ್ಕಿನ ಶಿಲ್ಪಿ ಥೊರ್ವಾಲ್ಡ್‌ಸೆನ್ ಹೊಸ ಅಂಗಗಳನ್ನು ಜೋಡಿಸಿದ. 1960ರ ದಶಕದಲ್ಲಿ, ಆ ಶಿಲ್ಪಗಳನ್ನು ಇಟ್ಟುಕೊಂಡಿರುವ ಮ್ಯೂನಿಕ್ಕಿನವರು ಅವನ್ನೆಲ್ಲ ಕಳಚಿದರು. ಕಳಚಿದ್ದು ಸರಿ ಎಂದೇ ನನ್ನ ಪಕ್ಷ. ಆದರೂ ಥೊರ್ವಾಲ್ಡ್‌ಸೆನ್ನನ ಕೆಲಸಕ್ಕೂ ಒಂದು ಇತಿಹಾಸವಿತ್ತಲ್ಲ, ಅದೂ ಹೋಯಿತು.

ಫ್ರಾನ್ಸಿನ ರೋಡಾನ್ ಮಾಡಿದ್ದು ಬೇರೆಯದೇ. ಅವನ 'ನಡೆಯುವ ಮನುಷ್ಯ'ನಿಗೆ ತಲೆ, ತೋಳುಗಳು ಮುರಿದುಹೋಗಿಲ್ಲ. ಶಿಲ್ಪಿ ಇಡಲೇ ಇಲ್ಲ. ಮುಂಡವನ್ನೂ ಕಾಲುಗಳನ್ನೂ ಜೋಡಿಸಿ, ಸಾಕು ಎಂದ. ಇದು ಅತ್ಯಂತಾಭಾವ ಎನ್ನೋಣವೆಂದರೆ ನೈಯಾಯಿಕ ಅಲ್ಲೂ ಬಿಡುವುದಿಲ್ಲ. ಅತ್ಯಂತಾಭಾವಕ್ಕೂ ಪ್ರತಿಯೋಗಿ ಬೇಕು. ಎಂದೂ ಇರದ ಆ ತಲೆಯನ್ನು ಒದಗಿಸುವ ಕೆಲಸ ನೋಡುವವನ ಪಾಲಿಗೆ ಬಂತು.