ಕರುಣೆಗೂ ಲೈಸೆನ್ಸ್ ಬೇಕೇ?



ಪ್ಲಸ್ ಟು ಮುಗಿಸಿದ ಮಕ್ಕಳಲ್ಲಿ ಕೆಲವರಿಗೆ ಈಗ ಪ್ಯಾರಾಮೆಡಿಕ್ ಆಗುವ ಆಸೆ. ಆಂಬ್ಯುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು, ಆಸ್ಪತ್ರೆ ಮುಟ್ಟುವವರೆಗೆ ಜೀವ ಉಳಿಸಿಕೊಳ್ಳುವ ಕೆಲಸ ಅದು. ಆದರೆ ವರ್ಷಗಟ್ಟಲೆ ಓದು, ಪರೀಕ್ಷೆ, ನೋಂದಣಿ ಎಂದಾಗ ಮನೆಯ ಹಿರಿಯರು ಕೇಳುವುದುಂಟು: ಬಿದ್ದವರನ್ನು ಎತ್ತಲು ಕಾಗದ ಬೇಕೇ? ಒಳ್ಳೆಯ ಸಮಾರಿಯದವನ ಹತ್ತಿರ ಯಾವ ಲೈಸೆನ್ಸ್ ಇತ್ತು?

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದೋಣ. ಆ ಸಮಾರಿಯದವನು ಮಾಡಿದ್ದೇನು? ಹತ್ತಿರ ಹೋದ. ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಬಟ್ಟೆ ಕಟ್ಟಿದ. ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ. ಮರುದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆಂದು ಹೇಳಿ ಹೊರಟ. ಎಣ್ಣೆ, ದ್ರಾಕ್ಷಾರಸ ಆ ಕಾಲದ ಜನರಿಗೆ ಗೊತ್ತಿದ್ದ ಮದ್ದು. ತನಗೆ ಗೊತ್ತಿದ್ದಷ್ಟನ್ನು ಮಾಡಿ, ಉಳಿದದ್ದನ್ನು ನೋಡಿಕೊಳ್ಳಬಲ್ಲವರ ಕೈಗೆ ಒಪ್ಪಿಸಿದ. ಈ ಒಪ್ಪಿಸುವ ಭಾಗವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ನಮ್ಮ ದೇಶದ ಕಾನೂನು ಈ ಸಾಮತಿಯ ಹೆಸರನ್ನೇ ಇಟ್ಟುಕೊಂಡಿದೆ. ರಸ್ತೆ ಅಪಘಾತದಲ್ಲಿ ನೆರವಾಗುವವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಅದರಲ್ಲಿ 'ಗುಡ್ ಸಮಾರಿಟನ್' ಎಂಬ ಮಾತೇ ಇದೆ. ಪ್ರತಿಫಲ ಬಯಸದೆ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರನ್ನು ಆ ಕಲಮು ಕಾಪಾಡುತ್ತದೆ. ಹಾಗಾಗಿ ದಾರಿಯಲ್ಲಿ ನಿಲ್ಲಲು, ಸುರಿಯುವ ರಕ್ತವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಲು, 108ಕ್ಕೆ ಫೋನ್ ಮಾಡಲು ಯಾರ ಅನುಮತಿಯೂ ಬೇಡ. ಉಸಿರು ನಿಂತವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವುದನ್ನೂ ಯಾರು ಬೇಕಾದರೂ ಕಲಿಯಬಹುದು, ಮಾಡಬಹುದು. ಲೈಸೆನ್ಸ್ ಇಲ್ಲವೆಂದು ಪಕ್ಕಕ್ಕೆ ಸರಿದು ಹೋಗುವವನಿಗೆ ಶುಭಸಂದೇಶದಲ್ಲೂ ನೆಪ ಸಿಗುವುದಿಲ್ಲ, ಕಾನೂನಿನಲ್ಲೂ ಸಿಗುವುದಿಲ್ಲ.

ಹಾಗಾದರೆ ಪ್ಯಾರಾಮೆಡಿಕ್‌ಗೆ ಮಾತ್ರ ಲೈಸೆನ್ಸ್ ಏಕೆ?

ಒಂದು ಔಷಧದ ವಿಷಯ ನೋಡಿ. ಅಡ್ರಿನಲಿನ್ ಎಂಬ ಚುಚ್ಚುಮದ್ದು ಆಂಬ್ಯುಲೆನ್ಸಿನಲ್ಲಿ ಇರುತ್ತದೆ. ಜೇನು ಕಚ್ಚಿ ಮೈಯೆಲ್ಲ ಊದಿ ಉಸಿರು ಕಟ್ಟಿದ ದೊಡ್ಡವರಿಗೆ ಅದನ್ನು ಅರ್ಧ ಮಿಲಿಗ್ರಾಂನಷ್ಟು ತೊಡೆಯ ಸ್ನಾಯುವಿಗೆ ಕೊಡುತ್ತಾರೆ. ಹೃದಯ ನಿಂತವರಿಗೆ ಒಂದು ಮಿಲಿಗ್ರಾಂ ರಕ್ತನಾಳಕ್ಕೇ ಕೊಡುತ್ತಾರೆ. ಹೃದಯ ಬಡಿಯುತ್ತಿರುವವನ ರಕ್ತನಾಳಕ್ಕೆ ಅಷ್ಟನ್ನೂ ಒಮ್ಮೆಗೇ ಕೊಟ್ಟರೆ ಅದೇ ಮದ್ದು ಪ್ರಾಣ ತೆಗೆಯಬಹುದು. ಕೊಟ್ಟವನ ಮನಸ್ಸಿನಲ್ಲಿ ಎಷ್ಟು ಪ್ರೀತಿ ಇತ್ತು ಎಂಬುದನ್ನು ಮದ್ದು ಕೇಳುವುದಿಲ್ಲ.

ಇನ್ನೊಂದು ಮಾತು. ಬಟ್ಟೆ ಹೊಲಿಸಬೇಕಾದರೆ ಒಳ್ಳೆಯ ಟೈಲರ್ ಯಾರೆಂದು ನಾಲ್ಕು ಜನರನ್ನು ಕೇಳಿ ಹೋಗುತ್ತೇವೆ. ಮನೆ ಕಟ್ಟಿಸಬೇಕಾದರೆ ಮೇಸ್ತ್ರಿ ಹಿಂದೆ ಕಟ್ಟಿದ ಮನೆ ನೋಡುತ್ತೇವೆ. ಸ್ಟ್ರೆಚರಿನ ಮೇಲೆ ಪ್ರಜ್ಞೆ ಇಲ್ಲದೆ ಮಲಗಿರುವವನು ಯಾರನ್ನು ಕೇಳಬೇಕು? 'ನಿಮಗೆ ಈ ಕೆಲಸ ಬರುತ್ತದೆಯೇ' ಎಂದು ಕೇಳುವ ಶಕ್ತಿಯೂ ಅವನಿಗಿಲ್ಲ. ಅವನ ಪರವಾಗಿ ಬೇರೆ ಯಾರೋ ಮೊದಲೇ ಕೇಳಿ, ಪರೀಕ್ಷಿಸಿ, ಹೆಸರು ಬರೆದಿಟ್ಟಿರಬೇಕು. ಲೈಸೆನ್ಸ್ ಎಂದರೆ ಇಷ್ಟೇ: ಮಾತಾಡಲಾರದ ಅಪರಿಚಿತನಿಗೆ ಸಮಾಜ ಮುಂಚೆಯೇ ಕೊಟ್ಟ ಮಾತು.

ಧರ್ಮಸಭೆಗೂ ಈ ವಿವೇಕ ಹೊಸದಲ್ಲ. ಜ್ಞಾನಸ್ನಾನ ಕೊಡುವವರು ಸಾಮಾನ್ಯವಾಗಿ ಬಿಷಪರು, ಗುರುಗಳು, ಡೀಕನರು. ಆದರೆ ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ, ಕ್ರೈಸ್ತರಲ್ಲದ ನರ್ಸ್ ಕೂಡ, ಧರ್ಮಸಭೆಯ ಉದ್ದೇಶದಿಂದ ಜ್ಞಾನಸ್ನಾನ ಕೊಡಬಹುದು ಎಂದು ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಆಮೇಲೆ ಅದನ್ನು ಧರ್ಮಕೇಂದ್ರದ ಗುರುಗಳಿಗೆ ತಿಳಿಸಬೇಕು, ರಿಜಿಸ್ಟರಿನಲ್ಲಿ ಬರೆಸಬೇಕು. ತುರ್ತು ಬಂದಾಗ ಬಾಗಿಲು ತೆರೆಯುತ್ತದೆ. ತುರ್ತು ಇದೆಯೆಂದು ಬಾಗಿಲನ್ನೇ ಕಿತ್ತು ಹಾಕುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ದುರ್ಬಲರನ್ನು ಕಾಯಲು ಇರುವ ಲೈಸೆನ್ಸ್ ಬಡವರನ್ನು ಹೊರಗಿಡುವ ಬೇಲಿಯೂ ಆಗಬಹುದು. ಪ್ಯಾರಾಮೆಡಿಕ್ ವೃತ್ತಿ ಬೆಳೆದ ಅಮೆರಿಕದಲ್ಲೇ ಅದು ನಡೆದಿದೆ. ಪಿಟ್ಸ್‌ಬರ್ಗ್ ನಗರದಲ್ಲಿ 1967ರಲ್ಲಿ 'ಫ್ರೀಡಂ ಹೌಸ್' ಎಂಬ ಆಂಬ್ಯುಲೆನ್ಸ್ ಸೇವೆಗೆ ತಯಾರಿ ಶುರುವಾಯಿತು. ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ನಿರುದ್ಯೋಗಿ ಕಪ್ಪು ಯುವಕರನ್ನು ಡಾಕ್ಟರ್ ಪೀಟರ್ ಸಾಫರ್ ತರಬೇತುಗೊಳಿಸಿದರು. ಅವರಲ್ಲಿ ಅನೇಕರು ಹೈಸ್ಕೂಲ್ ಕೂಡ ಮುಗಿಸಿರಲಿಲ್ಲ. ಅದಕ್ಕೂ ಮೊದಲು ಆ ಊರಿನಲ್ಲಿ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಈ ಯುವಕರು ದಾರಿಯಲ್ಲೇ ಚಿಕಿತ್ಸೆ ಕೊಟ್ಟರು. ಅವರ ಜೊತೆ ಡಾಕ್ಟರ್ ನ್ಯಾನ್ಸಿ ಕ್ಯಾರೊಲಿನ್ ರೂಪಿಸಿದ ಪಾಠಕ್ರಮವೇ ಮುಂದೆ ಆ ದೇಶದ ಪ್ಯಾರಾಮೆಡಿಕ್ ಪಾಠಕ್ಕೆ ಅಡಿಪಾಯವಾಯಿತು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿತು. ಆಮೇಲೆ ಹೊಸ ಪರೀಕ್ಷೆ, ಹೊಸ ನಿಯಮಗಳ ಹೆಸರಿನಲ್ಲಿ ಆ ಅನುಭವಿಗಳಲ್ಲಿ ಬಹಳ ಜನರನ್ನು ಬದಿಗೆ ಸರಿಸಲಾಯಿತು. ಪರೀಕ್ಷೆ ಕೆಲಸವನ್ನು ಅಳೆಯಬೇಕು. ಅಭ್ಯರ್ಥಿಯ ಬಣ್ಣ, ಬಡತನ, ಬಡಾವಣೆಗಳನ್ನು ಅಳೆಯಲು ಹೊರಟರೆ, ಅದು ರೋಗಿಗೆ ಕೊಟ್ಟ ಮಾತಿಗೇ ದ್ರೋಹ.

ನಮ್ಮಲ್ಲಿ ಈ ವೃತ್ತಿಗೆ ದೇಶವ್ಯಾಪಿ ಕಾನೂನು ಬಂದದ್ದು 2021ರಲ್ಲಿ, ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯ್ದೆಯ ಮೂಲಕ. ಅದರ ಪಟ್ಟಿಯಲ್ಲಿ ಪ್ಯಾರಾಮೆಡಿಕ್ ಹೆಸರಿದೆ. ಸಹಾಯಕ ವೃತ್ತಿಗಳಿಗೆ ಕನಿಷ್ಠ 2000 ಗಂಟೆಗಳ ಓದು, ಪದವಿ ಮಟ್ಟದ ಆರೋಗ್ಯ ವೃತ್ತಿಗಳಿಗೆ ಕನಿಷ್ಠ 3600 ಗಂಟೆ ಎಂದು ಕಾಯ್ದೆ ಗೊತ್ತುಮಾಡಿದೆ. ರಾಜ್ಯಗಳಲ್ಲಿ ಪರಿಷತ್ತು ಇರಬೇಕು, ಅದರ ರಿಜಿಸ್ಟರಿನಲ್ಲಿ ಹೆಸರಿರಬೇಕು.

ಗಡಿಯಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಕಳಕಳಿ ಇದೆ. ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿನ 27 ತಿರುವು ದಾಟಬೇಕು. ಅಷ್ಟು ದೂರ ರೋಗಿಯ ಪಕ್ಕದಲ್ಲಿ ಕೂರುವ ಪ್ಯಾರಾಮೆಡಿಕ್‌ಗೆ 'ಎದೆ ಹಿಂಡ್ದಂಗಾಗ್ತದೆ ಕಣಣ್ಣ' ಎಂಬ ಮಾತು ಅರ್ಥವಾಗದಿದ್ದರೆ? ಎಡಗೈ ಸೆಳೆತವೇ, ಉರಿಯೇ, ಎಂದಿನಿಂದ ಎಂದು ಕೇಳಿ ತಿಳಿಯುವುದೂ ಚಿಕಿತ್ಸೆಯ ಭಾಗವೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ನಮ್ಮ ಮಕ್ಕಳು ಪಡುವ ಕಷ್ಟ ಪರೀಕ್ಷೆಯಲ್ಲಿ ಭಾರ. ಆ ಆಂಬ್ಯುಲೆನ್ಸಿನಲ್ಲಿ ಅದೇ ವರ. ಅದಕ್ಕಾಗಿಯೇ ಅವರು ಓದನ್ನು ಅರ್ಧಕ್ಕೆ ಬಿಡದೆ ನೋಂದಣಿಯವರೆಗೂ ಹೋಗಬೇಕು.

ತಂದೆತಾಯಿಗಳು ಫೀಸು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಲಿ. ಈ ಕೋರ್ಸಿಗೆ ಮಾನ್ಯತೆ ಕೊಟ್ಟವರು ಯಾರು, ಕಾಗದ ತೋರಿಸುತ್ತೀರಾ? ಮುಗಿದ ಮೇಲೆ ಯಾವ ರಿಜಿಸ್ಟರಿನಲ್ಲಿ ಹೆಸರು ಬರುತ್ತದೆ? ಆಸ್ಪತ್ರೆಯಲ್ಲಿ, ಆಂಬ್ಯುಲೆನ್ಸಿನಲ್ಲಿ ಎಷ್ಟು ಗಂಟೆ ಕೆಲಸ ಕಲಿಸುತ್ತೀರಿ? ಹಾರಿಕೆಯ ಉತ್ತರ ಬಂದರೆ ಎದ್ದು ಬನ್ನಿ. ಸುಳ್ಳು ಸರ್ಟಿಫಿಕೇಟಿನಿಂದ ಮೋಸ ಹೋಗುವವರು ನೀವೊಬ್ಬರೇ ಅಲ್ಲ. ಮುಂದೊಂದು ದಿನ ಅದನ್ನು ನಂಬಿ ಸ್ಟ್ರೆಚರಿನ ಮೇಲೆ ಮಲಗುವವರೂ ಹೌದು.

ಓದಲು ಹೊರಟ ಮಕ್ಕಳಿಗಾಗಿ ಪ್ರಾರ್ಥಿಸೋಣ, ಕೈಲಾದ ನೆರವು ಕೊಡೋಣ. ಆ ಛತ್ರದವನಿಗೂ ಯಾರೋ ಎರಡು ನಾಣ್ಯ ಕೊಡಬೇಕಾಯಿತು.